ಅಶ್ವಹೃದಯ

ನಮ್ಮ ಶಾಲೆಗಳ ಕನ್ನಡ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಕೊಡುವ ವಿಷಯಗಳ ಪೈಕಿ ಒಂದಾದರೂ ಆತ್ಮಕಥೆ ಇರುತ್ತದೆ. ಹರಿದ ಛತ್ರಿಯ ಆತ್ಮಕಥೆ, ಹಳೆಯ ಆಲದ ಮರದ ಆತ್ಮಕಥೆ, ನದಿಯ ಆತ್ಮಕಥೆ. ನೀವೂ ನಿಮ್ಮ ಕಾಲದಲ್ಲಿ ಬರೆದಿರುತ್ತೀರಿ. ಈಗ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಅಡುಗೆಮನೆಯಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡು, ಒಗ್ಗರಣೆ ಹಾಕುತ್ತಲೇ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿರಲೂಬಹುದು. ಕಳೆದ ವರ್ಷ ನಾನು ಎಂಟನೇ ತರಗತಿಗೆ ‘ಮುದಿ ಕುದುರೆಯ ಆತ್ಮಕಥೆ’ ಎಂದು ಕೊಟ್ಟೆ. ಐದು ಅಂಕ, ಹದಿನೈದು ಸಾಲಿಗೆ ಕಡಿಮೆಯಿಲ್ಲದಂತೆ.

ನಲವತ್ತೆರಡು ಉತ್ತರಪತ್ರಿಕೆಗಳನ್ನು ಮನೆಗೆ ತಂದು ರಾತ್ರಿ ತಿದ್ದಲು ಕುಳಿತೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಕುದುರೆ ಒಂದೇ ಮಾತು ಹೇಳಿತ್ತು. ತಾನು ಜೀವನವಿಡೀ ಮಾನವನ ಸೇವೆ ಮಾಡಿದ್ದೇನೆ, ತನ್ನ ಜನ್ಮ ಸಾರ್ಥಕವಾಯಿತು, ಇನ್ನು ಸಂತೋಷದಿಂದ ಕಣ್ಣು ಮುಚ್ಚುತ್ತೇನೆ ಎಂದು. ಗೈಡಿನ ಕುದುರೆ. ಅದಕ್ಕೆ ನಾಲ್ಕು ಅಂಕ ಹಾಕುತ್ತಾ ಹೋದೆ, ಕೈಗೆ ಅಭ್ಯಾಸವಾಗಿಬಿಟ್ಟಿದೆ. ಕೊನೆಯ ಬೆಂಚಿನ ಒಬ್ಬ ಹುಡುಗನ ಪತ್ರಿಕೆ ಬಂತು. ಯಾವ ಪ್ರಶ್ನೆಗೂ ಪೂರ್ತಿ ಉತ್ತರ ಬರೆಯುವವನಲ್ಲ. ಮೂರು ವಾಕ್ಯ ಬರೆದಿದ್ದ: “ನನಗೆ ಬಾಯಾರಿಕೆ ಆಗಿತ್ತು. ಯಾರೂ ಕೇಳಲಿಲ್ಲ. ಆಮೇಲೆ ಗಾಡಿ ಕಟ್ಟಿದರು.”

ಕೆಂಪು ಪೆನ್ನು ಅಲ್ಲೇ ನಿಂತಿತು. ಎಷ್ಟು ಹಾಕುವುದು ಎಂಬ ಪ್ರಶ್ನೆಗಿಂತ ಹಳೆಯದೊಂದು ಸಂಕಟ ಎದ್ದು ಕೂತಿತು. ಏಕೆಂದರೆ ನಾನೂ ಅದೇ ವಯಸ್ಸಿನಲ್ಲಿ ಕುದುರೆಯ ಮೇಲೆ ಒಂದು ಪ್ರಬಂಧ ಬರೆದಿದ್ದೆ. ಅದಕ್ಕೆ ಬಹುಮಾನ ಬಂದಿತ್ತು. ‘ಈ ಹುಡುಗಿಗೆ ಬರೆಯುವ ಕೈ ಇದೆ’ ಎಂದು ನಾಲ್ಕು ಜನ ಹೇಳಿದ್ದು ಆಗಲೇ. ಇವತ್ತು ನಾನು ನಾಲ್ಕಕ್ಷರ ಬರೆಯುತ್ತೇನಾದರೆ ಅದರ ಮೊದಲು ಅಲ್ಲಿದೆ. ಆ ಪ್ರಬಂಧದ ಕಥೆ ಹೇಳಬೇಕು. ಅದಕ್ಕೆ ಮುಂಚೆ, ಆ ವೇಳೆಗೆ ನನ್ನ ತಲೆಯೊಳಗೆ ಸೇರಿಕೊಂಡಿದ್ದ ಎರಡು ಕುದುರೆಗಳ ವಿಷಯ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಕುಣಿಗಲ್‌ನಲ್ಲಿ. ಕುಣಿಗಲ್ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೆರೆ, ಆಮೇಲೆ ಕುದುರೆ ಫಾರಂ. ಟಿಪ್ಪುವಿನ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾದದ್ದು. ನಮ್ಮ ಕಾಲಕ್ಕೆ ಅಲ್ಲಿ ರೇಸಿನ ಕುದುರೆ ಬೆಳೆಸುತ್ತಿದ್ದರು. ಬೇಲಿಯ ಆಚೆ ಮೈ ಮಿರಿಮಿರಿ ಮಿಂಚುವ, ಮೂಗಿನ ಹೊಳ್ಳೆಯಲ್ಲೇ ಜಂಬವಿರುವ ಕುದುರೆಗಳು. ಬೇಲಿಯ ಈಚೆ ಬಸ್ ಸ್ಟ್ಯಾಂಡಿನ ಮುಂದೆ ಸಾಲಾಗಿ ನಿಂತ ಜಟಕಾ ಕುದುರೆಗಳು, ಒಂದು ಕಾಲು ಸಡಿಲ ಬಿಟ್ಟು, ಕತ್ತು ಇಳಿಬಿಟ್ಟು. ಎರಡೂ ಒಂದೇ ಜಾತಿಯ ಪ್ರಾಣಿಗಳೆಂದು ಚಿಕ್ಕವಳಿದ್ದಾಗ ನನಗೆ ನಂಬಿಕೆಯೇ ಬರುತ್ತಿರಲಿಲ್ಲ. ಹುರುಳಿಯನ್ನು ಇಂಗ್ಲಿಷಿನಲ್ಲಿ ಕುದುರೆಯ ಕಾಳು ಎನ್ನುತ್ತಾರೆಂದು ಮೇಷ್ಟ್ರು ಹೇಳಿದ ದಿನ ಮನೆಯಲ್ಲಿ ಹುರುಳಿ ಸಾರು. “ನಾವೇನು ಜಟಕಾ ಎಳೀಬೇಕಾ?” ಎಂದು ತಟ್ಟೆ ತಳ್ಳಿ, ಅಮ್ಮನಿಂದ ತಲೆಯ ಮೇಲೊಂದು ಮೊಟಕಿಸಿಕೊಂಡಿದ್ದೆ.

ಮೊದಲನೆಯ ಕುದುರೆ ನಮ್ಮಜ್ಜಿಯದು. ಅಜ್ಜಿಯ ಓದು ಎರಡನೇ ಕ್ಲಾಸಿಗೆ ನಿಂತಿತ್ತು. ಆದರೆ ಲಕ್ಷ್ಮೀಶನ ಜೈಮಿನಿ ಭಾರತದ ಎಷ್ಟೋ ಭಾಗ ಅವಳ ಬಾಯಲ್ಲಿತ್ತು. ಮೊರದಲ್ಲಿ ಅಕ್ಕಿ ಕೇರುತ್ತಾ ರಾಗವಾಗಿ ಹೇಳುವಳು. ನನಗೆ ಅರ್ಥವಾಗದಿದ್ದಲ್ಲಿ ನಿಲ್ಲಿಸಿ ಕಥೆಯಾಗಿ ಹೇಳುವಳು. ಧರ್ಮರಾಯನ ಯಜ್ಞಕ್ಕೆಂದು ಭೀಮ ಭದ್ರಾವತಿಯಿಂದ ತಂದ ಕುದುರೆ ಊರೂರು ಅಲೆಯುತ್ತದೆ. ಅದರ ಹಿಂದೆ ಅರ್ಜುನ. ಕುದುರೆ ಹೋದಲ್ಲೆಲ್ಲ ಒಂದು ಕಥೆ: ಸುಧನ್ವನ ಕಥೆ, ಪ್ರಮೀಳೆಯ ಹೆಣ್ಣು ರಾಜ್ಯದ ಕಥೆ, ಗಂಡನ ಶಾಪದಿಂದ ಬಂಡೆಯಾಗಿ ಬಿದ್ದಿದ್ದ ಚಂಡಿಯ ಕಥೆ. ಆ ಬಂಡೆಗೆ ಮೈ ತಿಕ್ಕಿದ ಕುದುರೆ ಅಲ್ಲೇ ಅಂಟಿಕೊಂಡುಬಿಡುತ್ತದೆ. ಈಗ ಯೋಚಿಸಿದರೆ, ಆ ಪುಸ್ತಕ ಕುದುರೆಯ ಹೆಜ್ಜೆಯಿಂದಲೇ ಬರೆಸಿಕೊಂಡದ್ದು. ಕುದುರೆ ನಿಂತರೆ ಕಥೆ, ಓಡಿದರೆ ಇನ್ನೊಂದು ಕಥೆ. ಆದರೆ ಆ ಕುದುರೆಗೆ ಏನನ್ನಿಸುತ್ತಿತ್ತು ಎಂದು ಮಾತ್ರ ಎಲ್ಲೂ ಬರುತ್ತಿರಲಿಲ್ಲ, ಕೊನೆಯ ತನಕ.

ಕೊನೆಯಲ್ಲಿ ಬರುತ್ತದೆ. ಅಜ್ಜಿ ಹೇಳುತ್ತಿದ್ದ ಹಾಗೆ, ಕುದುರೆಯನ್ನು ಬಲಿಗೆ ತಂದು ನಿಲ್ಲಿಸಿದಾಗ ಅದು ತಲೆಯಾಡಿಸಿ ಕೆನೆಯುತ್ತದೆ. ಏನು ಹೇಳುತ್ತಿದೆ ಎಂದು ಎಲ್ಲರೂ ನಕುಲನ ಮುಖ ನೋಡುತ್ತಾರೆ. ನಕುಲ ಕುದುರೆಗಳ ವಿದ್ಯೆ ಬಲ್ಲವನು. ಅಜ್ಞಾತವಾಸದಲ್ಲಿ ವಿರಾಟನ ಲಾಯವನ್ನೇ ನೋಡಿಕೊಂಡವನು. ಅವನು ಹೇಳುತ್ತಾನೆ: ಈ ಕುದುರೆಗೆ ಬಹಳ ಸಂತೋಷವಾಗಿದೆ, ಬೇರೆ ಯಜ್ಞದ ಕುದುರೆಗಳು ಸ್ವರ್ಗಕ್ಕಷ್ಟೇ ಹೋದವು, ಕೃಷ್ಣ ಎದುರಿಗೇ ಇರುವುದರಿಂದ ತಾನು ಅವನಲ್ಲೇ ಸೇರುತ್ತೇನೆ ಎನ್ನುತ್ತಿದೆ. ಆಮೇಲೆ ಕುದುರೆಯ ಮೈ ಕರ್ಪೂರವಾಗಿಬಿಡುತ್ತದೆ.

“ಕುದುರೆ ಹಾಗೆ ಹೇಳಿತಾ ಅಜ್ಜಿ, ಇಲ್ಲಾ ನಕುಲ ಹೇಳಿದ್ದಾ?” ಎಂದು ಕೇಳಿದೆ.

“ನಕುಲನಿಗೆ ಕುದುರೆ ಭಾಷೆ ಬರ್ತಿತ್ತು ಕಣೇ.”

“ಅವನು ಸುಳ್ಳು ಹೇಳಿದ್ರೆ?”

“ತಲೆಹರಟೆ! ಪಾಂಡವರು ಸುಳ್ಳು ಹೇಳ್ತಾರೇನೇ?” ಎಂದು ಗದರಿದಳು. ಮೊರ ಎರಡು ಸಲ ಕೇರಿದ ಮೇಲೆ, “ಧರ್ಮರಾಯ ಒಂದು ಸಲ ಹೇಳಿದ್ದ, ಪಾಪ” ಎಂದು ತನ್ನಷ್ಟಕ್ಕೆ ಗೊಣಗಿಕೊಂಡಳು.

ಎರಡನೆಯ ಕುದುರೆ ಇಂಗ್ಲೆಂಡಿನದು. ನಮಗೆ ಇಂಗ್ಲಿಷ್ ತೆಗೆದುಕೊಳ್ಳುತ್ತಿದ್ದ ಮಿಸ್ ಒಬ್ಬರು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಕಥೆ ಹೇಳುತ್ತಿದ್ದರು. ಕೈಯಲ್ಲಿ ಇಂಗ್ಲಿಷಿನ ಸಂಕ್ಷಿಪ್ತ ಪುಸ್ತಕ, ಬಾಯಲ್ಲಿ ಕನ್ನಡ. ಹಾಗೆ ವಾರವಾರವೂ ನಮಗೆ ‘ಬ್ಲ್ಯಾಕ್ ಬ್ಯೂಟಿ’ ಸಿಕ್ಕಿತು. ಕರಿಯ ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. 1877ರಲ್ಲಿ ಅಚ್ಚಾದ ಮೊದಲ ಪುಸ್ತಕದ ಮೇಲೆ, ಇದು ಕುದುರೆಯ ಭಾಷೆಯಿಂದ ಅನುವಾದವಾದದ್ದು ಎಂದೇ ಹಾಕಿದ್ದರಂತೆ. ಮಿಸ್ ಅದನ್ನು ಹೇಳಿದಾಗ ನನಗೆ ತಟ್ಟನೆ ನಕುಲ ನೆನಪಾದ. ಈ ನಕುಲ ಹೆಂಗಸು. ಅವಳು ಹೇಳುತ್ತಿರುವುದು ಮಾತ್ರ ಬೇರೆ. ನೋಯುತ್ತದೆ ಎಂದು ಹೇಳುತ್ತಿದ್ದಾಳೆ.

ಪುಸ್ತಕವನ್ನು ಮನೆಗೆ ಕೇಳಿ ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಕುಡಿದ ಸವಾರ ಲಾಳ ಸಡಿಲಾದ ಕುದುರೆಯನ್ನು ಕತ್ತಲಲ್ಲಿ ಕಲ್ಲುರಸ್ತೆಯ ಮೇಲೆ ಓಡಿಸಿ, ಅದು ಮುಗ್ಗರಿಸಿ ಎರಡು ಮೊಣಕಾಲೂ ಒಡೆದುಕೊಳ್ಳುತ್ತದೆ. ಕಲೆ ಬಿದ್ದ ಮೊಣಕಾಲಿನ ಕುದುರೆಗೆ ಶ್ರೀಮಂತರ ಲಾಯದಲ್ಲಿ ಜಾಗವಿಲ್ಲ. ಕೈ ಬದಲಾಗುತ್ತಾ ಲಂಡನ್ನಿನ ಬಾಡಿಗೆ ಗಾಡಿಗೆ ಬರುತ್ತದೆ. ಅದರ ಗೆಳತಿ ಜಿಂಜರ್ ದುಡಿದು ದುಡಿದು ಸೋತು ಹೋಗಿ, ಒಂದು ದಿನ ಸತ್ತ ಕುದುರೆಯೊಂದನ್ನು ಹೇರಿಕೊಂಡ ಗಾಡಿ ಎದುರಿನಿಂದ ಹಾದುಹೋಗುತ್ತದೆ. ಅಲ್ಲಿ ನಾನು ಪುಸ್ತಕ ಮುಚ್ಚಿ, ಹಿತ್ತಿಲಿನ ಬಚ್ಚಲಿಗೆ ಹೋಗಿ ಅತ್ತೆ. ಅಮ್ಮ ಒಲೆಯ ಹೊಗೆಯಿಂದ ಕಣ್ಣು ಕೆಂಪಾಗಿದೆ ಎಂದುಕೊಂಡಳು.

ಆದರೆ ಈ ಕಥೆಗೆ ಬೇಕಾದದ್ದು ಇನ್ನೊಂದು ಅಧ್ಯಾಯ. ಕೊನೆಯ ಹೊತ್ತಿಗೆ ಬ್ಯೂಟಿ ಕನಿಕರವಿಲ್ಲದ ಒಬ್ಬ ಯಜಮಾನನ ಕೈಗೆ ಸಿಕ್ಕಿದೆ. ರೈಲಿನಿಂದ ಇಳಿದ ಒಂದು ಸಂಸಾರ, ನಾಲ್ಕು ಜನ, ರಾಶಿ ಸಾಮಾನು, ಒಂದೇ ಗಾಡಿ ಹತ್ತುತ್ತಾರೆ. ಆ ಮನೆಯ ಹುಡುಗಿಯೊಬ್ಬಳು, ಗ್ರೇಸ್ ಎಂದು, ಕುದುರೆಯ ಸ್ಥಿತಿ ನೋಡಿ, ಇನ್ನೊಂದು ಗಾಡಿ ಮಾಡಿ ಎಂದು ತಂದೆಯನ್ನು ಬೇಡಿಕೊಳ್ಳುತ್ತಾಳೆ. ತಂದೆ ಕೇಳುವುದಿಲ್ಲ. ಲಡ್ಗೇಟ್ ಹಿಲ್ ಎಂಬ ಏರಿನಲ್ಲಿ ಕುದುರೆ ಕುಸಿದುಬೀಳುತ್ತದೆ. ಆ ಹುಡುಗಿ ಪುಸ್ತಕದಲ್ಲಿ ಅರ್ಧ ಪುಟವೂ ಇಲ್ಲ. ನನಗೆ ಅವಳು ಪೂರ್ತಿ ಪುಸ್ತಕಕ್ಕಿಂತ ಹೆಚ್ಚಾದಳು. ನಾನು ಅವಳೇ ಎಂದುಕೊಂಡೆ. ಹದಿಮೂರು ವರ್ಷದ ಓದುಗಿತ್ತಿಯರಿಗೆ ಹಾಗನ್ನಿಸುವುದು ಸಹಜ.

ಈಗ ಮೂರನೆಯ ಕುದುರೆ. ಇದು ಪುಸ್ತಕದ್ದಲ್ಲ.

1983ರ ಏಪ್ರಿಲ್. ಪರೀಕ್ಷೆ ಮುಗಿದು ರಜೆ ಬಂದಿತ್ತು. ಅಮ್ಮನ ತವರಿಗೆ ಹೊರಟಿದ್ದೆವು; ಸಂಜೆಯ ಹಾಸನದ ಬಸ್ಸು. ಅಪ್ಪ, ಅಮ್ಮ, ಅಜ್ಜಿ, ನಾನು, ಎಂಟು ವರ್ಷದ ತಮ್ಮ. ಜೊತೆಗೆ ಒಂದು ಟ್ರಂಕು, ಹಾಸಿಗೆ ಸುರುಳಿ, ಒಂದು ಮೂಟೆ ಅಕ್ಕಿ, ಹಲಸಿನ ಹಣ್ಣು. ಆಗೆಲ್ಲ ಹಾಗೆಯೇ ತಾನೆ ತವರಿಗೆ ಹೋಗುತ್ತಿದ್ದದ್ದು. ನಮ್ಮ ಬೀದಿಗೆ ಯಾವಾಗಲೂ ಬರುತ್ತಿದ್ದ ಜಟಕಾ ಸಾಬರು ಬಂದರು. ಅವರ ಕುದುರೆಯ ಹೆಸರು ಮೋತಿ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಚುಕ್ಕೆ, ಪಕ್ಕೆಲುಬು ಎಣಿಸಬಹುದು. ಸಾಬರು ಸಾಮಾನು ನೋಡಿ, “ಸ್ವಾಮೇರ, ಇನ್ನೊಂದು ಗಾಡಿ ಕರೀಲಾ? ಮೂಲೇಲಿ ನಿಂತೈತೆ,” ಎಂದರು. ಅಪ್ಪ ಗಡಿಯಾರ ನೋಡಿಕೊಂಡು, ಜೇಬು ಮುಟ್ಟಿ ನೋಡಿಕೊಂಡು, ಸ್ವಲ್ಪ ತಡೆದರು. ಅವರು ಹೂಂ ಅನ್ನುವವರಿದ್ದರು ಎಂದೇ ನನಗೆ ಇಂದಿಗೂ ಅನ್ನಿಸುತ್ತದೆ.

“ಬೇಡಪ್ಪಾ, ಒಂದೇ ಸಾಕು. ಹೊತ್ತಾಗತ್ತೆ. ಕಿಟಕಿ ಸೀಟು ಸಿಗಲ್ಲ,” ಎಂದವಳು ನಾನು.

ಹತ್ತಿದೆವು. ಜಟಕಾದಲ್ಲಿ ಕೂತವರಿಗೆ ಗೊತ್ತು, ಅದು ತಕ್ಕಡಿ ಇದ್ದ ಹಾಗೆ. ಭಾರ ಹಿಂದಾದರೆ ಮುಂಭಾಗ ಮೇಲೇಳುತ್ತದೆ, ಮುಂದಾದರೆ ಪೂರಾ ಕುದುರೆಯ ಬೆನ್ನ ಮೇಲೆ ಕೂರುತ್ತದೆ. ಸಾಬರು “ಸ್ವಲ್ಪ ಹಿಂದಕ್ಕೆ, ಅವ್ವಾ... ಸ್ವಲ್ಪ ಮುಂದಕ್ಕೆ” ಎಂದು ನಮ್ಮನ್ನೆಲ್ಲ ಸರಿಸಿ ಕೂರಿಸಿ, ತಾವು ಮಾತ್ರ ಇಳಿದು ಪಕ್ಕದಲ್ಲಿ ನಡೆಯುತ್ತಾ ಬಂದರು. ಕೆಳಗೆ ಹಾಸಿದ ಹುಲ್ಲಿನ ವಾಸನೆ. ಗಾಡಿ ನಿಧಾನ. ನನಗೆ ಬಸ್ಸು ಹೋದೇ ಹೋಯಿತು ಎನ್ನಿಸಿತು. “ಸಾಬರೇ, ಹತ್ಕೊಂಡು ಜೋರಾಗಿ ಹೊಡೀರಿ, ಬಸ್ ಹೋಗ್ಬಿಡತ್ತೆ,” ಎಂದೆ. ಒಂದು ಸಲವಲ್ಲ, ಮೂರು ನಾಲ್ಕು ಸಲ. ಅಮ್ಮ ಸುಮ್ಮನಿರು ಎಂದಳು. ಅಪ್ಪನೂ “ಸ್ವಲ್ಪ ಬೇಗ, ಸಾಬರೇ” ಎಂದರು. ಅವರು ಹತ್ತಿ ಕೂತು ಚಾವಟಿ ತೆಗೆದರು. ಇಳಿಜಾರಿನಲ್ಲಿ ಹೊಸದಾಗಿ ಜಲ್ಲಿ ಸುರಿದಿದ್ದರು. ಅಲ್ಲಿ ಮೋತಿ ಎರಡು ಮುಂಗಾಲನ್ನೂ ಮಡಿಸಿಕೊಂಡು ಬಿತ್ತು.

ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಹಲಸಿನ ಹಣ್ಣು ಉರುಳಿಕೊಂಡು ಮೋರಿಗೆ ಹೋಯಿತು. ಸಾಬರು ಯಾರನ್ನೂ ನೋಡಲಿಲ್ಲ. ಗಾಡಿ ಬಿಚ್ಚಿ, ಹೆಗಲ ಮೇಲಿನ ಟವೆಲಿನಿಂದ ಮೋತಿಯ ಮೊಣಕಾಲು ಒರೆಸುತ್ತಾ, ಅದರ ಕಿವಿಯ ಹತ್ತಿರ ಬಗ್ಗಿ ಉರ್ದುವಿನಲ್ಲಿ ಏನೇನೋ ಹೇಳುತ್ತಾ ಇದ್ದರು. ಟವೆಲು ಕೆಂಪಾಯಿತು. ಅಪ್ಪ ಹತ್ತಿರ ಹೋದಾಗ, “ನೀವು ಹೋಗಿ ಸ್ವಾಮೇರ, ಮಕ್ಕಳಿದ್ದಾರೆ, ಬಸ್ ಹೋಗ್ತದೆ,” ಎಂದಷ್ಟೇ ಅಂದರು. ಅಪ್ಪ ಬಾಡಿಗೆಯ ಮೇಲೆ ಎರಡು ರೂಪಾಯಿ ಹೆಚ್ಚು ಕೊಟ್ಟರು. ಸಾಮಾನು ಹೊತ್ತುಕೊಂಡು ನಡೆದೆವು. ಬಸ್ಸು ಸಿಕ್ಕಿತು. ಕಿಟಕಿ ಸೀಟೂ ಸಿಕ್ಕಿತು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ‘ಪ್ರಾಣಿದಯೆ’ ಎಂಬ ವಿಷಯದ ಮೇಲೆ ಪ್ರಬಂಧ ಸ್ಪರ್ಧೆ ಇಟ್ಟರು. ನಾನು ಏನು ಬರೆದಿರಬಹುದೆಂದು ನೀವು ಊಹಿಸಿರುತ್ತೀರಿ. ಜಟಕಾ, ಸಾಮಾನು, ಇಳಿಜಾರು, ಜಲ್ಲಿ, ಎಲ್ಲವನ್ನೂ ಬರೆದೆ. ಆದರೆ ನನ್ನ ಪ್ರಬಂಧದಲ್ಲಿ ಇನ್ನೊಂದು ಗಾಡಿ ಮಾಡೋಣ ಎಂದು ಕೈಮುಗಿದು ಬೇಡಿಕೊಂಡವಳು ನಾನು, ಕೇಳದವರು ದೊಡ್ಡವರು, ಚಾವಟಿ ಬೀಸಿದವರು ಸಾಬರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮೋತಿಯನ್ನು ಸಾಯಿಸಿಬಿಟ್ಟೆ. ಜಿಂಜರ್ ಸತ್ತ ಹಾಗೆ, ಕತ್ತು ಜೋಲುಬಿಟ್ಟು. ನನ್ನ ಮಡಿಲಲ್ಲಿ ತಲೆಯಿಟ್ಟು, ನನ್ನನ್ನೇ ನೋಡುತ್ತಾ. ಬರೆಯುವಾಗ ನಿಜವಾಗಿ ಅಳು ಬಂತು. ಕಾಗದದ ಮೇಲೆ ಕಣ್ಣೀರು ಬಿದ್ದು ಶಾಯಿ ಕದಡಿತು. ಅದನ್ನು ತಿದ್ದಿ ಬರೆಯಲೂ ಇಲ್ಲ. ಹಾಗೇ ಇರಲಿ ಎಂದು ಬಿಟ್ಟೆ. ಆ ಜಾಣತನ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊದಲ ಬಹುಮಾನ, ಹೆಸರು ಕೆತ್ತಿಸಿದ ಒಂದು ಸ್ಟೀಲ್ ಲೋಟ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಓದಿಸಿದರು. ಇಂಗ್ಲಿಷ್ ಮಿಸ್ ಕಣ್ಣೊರೆಸಿಕೊಂಡರು. ಅವರಿಗೆ ಗ್ರೇಸ್‌ಳ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಸುಮ್ಮನಾದರೋ. ಸಾಲಿನಿಂದ ಒಳಗೆ ಹೋಗುವಾಗ ಬಿ ಸೆಕ್ಷನ್ನಿನ ಒಬ್ಬ ಹುಡುಗಿ ನನ್ನ ಪಕ್ಕಕ್ಕೆ ಬಂದಳು. ಸಾಬರ ಮಗಳು. ನನಗೆ ಅವಳು ಅದೇ ಶಾಲೆಯಲ್ಲಿದ್ದಾಳೆಂಬ ನೆನಪೇ ಇರಲಿಲ್ಲ. ಜಗಳಕ್ಕೆ ಬಂದವಳ ಹಾಗಿರಲಿಲ್ಲ. ಏನೋ ತಪ್ಪು ಸುದ್ದಿ ತಲುಪಿದೆ, ಸರಿಮಾಡೋಣ ಎಂಬಂತೆ ಮೆಲ್ಲಗೆ, “ಮೋತಿ ಸತ್ತಿಲ್ಲ. ನಮ್ಮ ಮನೇಲೇ ಐತೆ. ನೋಡ್ಬೇಕಾದ್ರೆ ಬಾ,” ಎಂದಳು. ಪ್ರತಿದಿನ ಅದರ ಮೊಣಕಾಲಿಗೆ ಅರಿಸಿನ ಎಣ್ಣೆ ಹಚ್ಚುತ್ತಿದ್ದವಳು ಅವಳೇ ಎಂದು ಆಮೇಲೆ ಯಾರೋ ಹೇಳಿದರು.

ನಾನು ಯಾರಿಗೂ ಏನೂ ಹೇಳಲಿಲ್ಲ. ಲೋಟ ಮನೆಗೆ ತಂದೆ.

ಇಷ್ಟು ವರ್ಷಗಳಲ್ಲಿ ಈ ವಿಷಯವನ್ನು ಎಷ್ಟೋ ಸಲ ಬೇರೆ ಬೇರೆ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಒಳ್ಳೆಯ ಪುಸ್ತಕ ಓದಿದರೆ ಮಕ್ಕಳ ಮನಸ್ಸು ಮೃದುವಾಗುತ್ತದೆ ಎಂದು ನಾವು ಮೇಷ್ಟರುಗಳೆಲ್ಲ ಹೇಳುತ್ತೇವೆ. ಪೋಷಕರ ಸಭೆಯಲ್ಲಿ ನಾನೂ ಹೇಳುತ್ತೇನೆ. ನನ್ನ ವಿಷಯದಲ್ಲಿ ಆದದ್ದೇನು? ಜಿಂಜರ್‌ಗಾಗಿ ಬಚ್ಚಲಲ್ಲಿ ಅತ್ತ ಹುಡುಗಿ ಕೆಲವೇ ವಾರಗಳಲ್ಲಿ ಮೋತಿಗೆ ಚಾವಟಿ ಹಾಕಿಸಿದಳು. ಆಗ ಅವಳಿಗೆ ಪುಸ್ತಕ ನೆನಪೇ ಆಗಲಿಲ್ಲ. ನೆನಪಾದದ್ದು ಪ್ರಬಂಧ ಬರೆಯುವಾಗ.

ಬಿ.ಎಡ್. ಓದುವಾಗ ಮನಶ್ಶಾಸ್ತ್ರದಲ್ಲಿ ವಿಲಿಯಂ ಜೇಮ್ಸ್ ಎಂಬ ಅಮೆರಿಕದ ವಿದ್ವಾಂಸನ ಹೆಸರು ಬಂತು. 1890ರಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ ಅಭ್ಯಾಸಬಲದ ಬಗ್ಗೆ ಒಂದು ಅಧ್ಯಾಯವಿದೆ. ಅದರಲ್ಲಿ ಒಂದು ಉದಾಹರಣೆ ಕೊಡುತ್ತಾನೆ: ರಷ್ಯಾದ ಶ್ರೀಮಂತ ಹೆಂಗಸೊಬ್ಬಳು ನಾಟಕದೊಳಗಿನ ಪಾತ್ರಗಳ ಕಷ್ಟಕ್ಕೆ ಅಳುತ್ತಾ ಕೂತಿದ್ದರೆ, ಅವಳ ಗಾಡಿ ಹೊಡೆಯುವವನು ಹೊರಗೆ ತನ್ನ ಪೀಠದ ಮೇಲೆ ಚಳಿಗೆ ಹೆಪ್ಪುಗಟ್ಟಿ ಸಾಯುತ್ತಿರುತ್ತಾನೆ. ಕಾಲೇಜಿನ ಲೈಬ್ರರಿಯಲ್ಲಿ ಆ ಸಾಲು ಓದಿದಾಗ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯಿತು. ಜೇಮ್ಸ್ ಇದಕ್ಕೆ ಮದ್ದನ್ನೂ ಹೇಳುತ್ತಾನೆ. ಸಂಗೀತ ಕೇಳಿಯೋ ನಾಟಕ ನೋಡಿಯೋ ಮನಸ್ಸು ಕರಗಿದರೆ, ಅದನ್ನು ಸುಮ್ಮನೆ ಹರಿದುಹೋಗಲು ಬಿಡಬೇಡಿ, ಏನಾದರೊಂದು ಸಣ್ಣ ಕೆಲಸವನ್ನಾದರೂ ಮಾಡಿ; ಅತ್ತೆಯ ಹತ್ತಿರ ಎರಡು ಒಳ್ಳೆಯ ಮಾತಾಡಿ, ಇಲ್ಲವೇ ಕುದುರೆ ಟ್ರಾಮಿನಲ್ಲಿ ಯಾರಿಗಾದರೂ ಸೀಟು ಬಿಟ್ಟುಕೊಡಿ ಎಂದು. ಸೀಟು ಬಿಟ್ಟುಕೊಟ್ಟ ಮಾತ್ರಕ್ಕೆ ಟ್ರಾಮ್ ಎಳೆಯುವ ಕುದುರೆಯ ಹೊರೆಯೇನೂ ಕಡಿಮೆಯಾಗುವುದಿಲ್ಲ ಎಂಬುದು ಆ ದೊಡ್ಡ ಮನುಷ್ಯನಿಗೂ ಹೊಳೆಯಲಿಲ್ಲ, ನೋಡಿ.

ನಮ್ಮವರೂ ಹಾಗೆಯೇ. ಡಿವಿಜಿಯವರು ಕಗ್ಗದಲ್ಲಿ ಬದುಕನ್ನು ಜಟಕಾ ಬಂಡಿಗೂ, ನಮ್ಮನ್ನು ಅದರ ಕುದುರೆಗೂ ಹೋಲಿಸಿದ ಪದ್ಯ ಯಾರಿಗೆ ಗೊತ್ತಿಲ್ಲ? ಮದುವೆಯ ಆಹ್ವಾನಪತ್ರಿಕೆಯಿಂದ ಹಿಡಿದು ಬೀಳ್ಕೊಡುಗೆ ಭಾಷಣದವರೆಗೆ ಎಲ್ಲ ಕಡೆ ಬರುತ್ತದೆ. ನಾನೂ ಅದನ್ನು ಇಷ್ಟಪಟ್ಟು ಪಾಠ ಮಾಡಿದ್ದೇನೆ. ಆದರೆ ಆ ಪದ್ಯ ಹೇಳಿಕೊಂಡು ಸಮಾಧಾನ ಪಡೆದವರಲ್ಲಿ ಎಷ್ಟು ಜನ ಜಟಕಾ ಇಳಿದು ಕುದುರೆಯ ಮುಖ ನೋಡಿರಬಹುದು? ನಾವು ಕುದುರೆಯಲ್ಲಿ ನಮ್ಮನ್ನು ಕಂಡುಕೊಳ್ಳುವುದು ಬಲು ಬೇಗ. ಕುದುರೆಯನ್ನೇ ಕಾಣುವುದು ತಡ. ಐವರು ಕೂತ ಆ ಗಾಡಿಯ ವಿಷಯವನ್ನೇ ತೆಗೆದುಕೊಳ್ಳಿ. ಎಳೆಯುವ, ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲೇ ಕೇಂದ್ರ ಸರ್ಕಾರ ಮಾಡಿದ ನಿಯಮಗಳಿವೆ. ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ವರಿಗಿಂತ ಹೆಚ್ಚು ಜನ ಪ್ರಾಣಿ ಎಳೆಯುವ ಗಾಡಿಯಲ್ಲಿ ಕೂರುವಂತಿಲ್ಲ. ಇದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅಷ್ಟು ಹೊತ್ತಿಗೆ ನಮ್ಮೂರಿನಲ್ಲಿ ಆಟೋಗಳು ಬಂದು ಜಟಕಾಗಳೇ ಮಾಯವಾಗಿದ್ದವು.

ಹಾಗಾದರೆ ಪುಸ್ತಕದ ತಪ್ಪೇ? ಕೆಲವು ಕಾಲ ಹಾಗೇ ಅಂದುಕೊಂಡಿದ್ದೆ. ಆ ಪುಸ್ತಕ ಓದದಿದ್ದರೆ ನನಗೆ ಸುಳ್ಳು ಬರೆಯಲು ಮಾತೇ ಸಿಗುತ್ತಿರಲಿಲ್ಲ. ಆದರೆ ಅದನ್ನು ಓದದಿದ್ದರೆ ನಾಚಿಕೆಯೂ ಆಗುತ್ತಿರಲಿಲ್ಲ ಎಂಬುದೂ ನಿಜ. ತಮ್ಮನಿಗೆ ಆ ದಿನದ ನೆನಪಿದೆಯೇ ಎಂದು ಒಮ್ಮೆ ಕೇಳಿದೆ. “ಹಲಸಿನ ಹಣ್ಣು ಮೋರಿಗೆ ಬಿದ್ದಿದ್ದು ತಾನೆ?” ಎಂದು ನಕ್ಕ. ಅವನಿಗೆ ಮೊಣಕಾಲು ನೆನಪಿಲ್ಲ. ನನಗೆ ಮೊಣಕಾಲು ಕಾಣಿಸಿದ್ದು, ಅದು ಕಣ್ಣಿಂದ ಹೋಗದೆ ಉಳಿದದ್ದು, ಬ್ಯೂಟಿಯ ಒಡೆದ ಮೊಣಕಾಲುಗಳನ್ನು ಮೊದಲೇ ಓದಿದ್ದರಿಂದ. ಪುಸ್ತಕ ನನಗೆ ಒಂದು ಕಣ್ಣು ಕೊಟ್ಟಿತು. ಆ ಕಣ್ಣನ್ನು ನಾನು ಮೊದಲು ಬಳಸಿದ್ದು ಕನ್ನಡಿ ನೋಡಿಕೊಳ್ಳುವುದಕ್ಕೆ. ಅದು ಪುಸ್ತಕದ ದೋಷವಾಗಲಾರದು.

ಆ ಪುಸ್ತಕ ಬರೆದವಳ ಬಗ್ಗೆ ದೊಡ್ಡವಳಾದ ಮೇಲೆ ಓದಿದೆ. ಅನ್ನಾ ಸ್ಯೂಯೆಲ್. 1820ರಲ್ಲಿ ಹುಟ್ಟಿದವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಮಳೆಯಲ್ಲಿ ಮನೆಗೆ ಓಡಿಬರುವಾಗ ಜಾರಿ ಬಿದ್ದು ಕಾಲಿನ ಹರಡಿಗೆ ಪೆಟ್ಟಾಯಿತು. ಆಮೇಲೆ ಬದುಕಿನುದ್ದಕ್ಕೂ ಸರಿಯಾಗಿ ನಡೆಯಲಾಗಲಿಲ್ಲ. ಹೊರಗೆ ಎಲ್ಲಿಗೆ ಹೋಗಬೇಕಾದರೂ ಸಣ್ಣ ಕುದುರೆಗಾಡಿಯೇ ಅವಳ ಕಾಲು. ಮದುವೆಯಾಗಲಿಲ್ಲ. ತಾಯಿ ಮೇರಿ ಪದ್ಯಗಳನ್ನು ಬರೆದು ಹೆಸರಾದವಳು. ಮಗಳು ತಾಯಿಯ ಬರಹಗಳನ್ನು ತಿದ್ದಿಕೊಡುತ್ತಿದ್ದಳೇ ಹೊರತು ತಾನು ಪುಸ್ತಕ ಬರೆದಿರಲಿಲ್ಲ. 1871ರಲ್ಲಿ, ಐವತ್ತು ದಾಟಿದ ಮೇಲೆ, ಕಾಯಿಲೆಯಿಂದ ಮನೆಯೊಳಗೇ ಉಳಿದಿದ್ದಾಗ ಇದನ್ನು ಶುರುಮಾಡಿದಳು. ಶಕ್ತಿ ಇದ್ದಾಗ ಮಲಗಿದಲ್ಲೇ ಚೀಟಿಗಳ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು, ತಾಯಿ ಅದನ್ನು ನಕಲು ಮಾಡುವುದು. ಹೀಗೆ ಆರು ವರ್ಷ. ಪುಸ್ತಕ 1877ರ ನವೆಂಬರಿನಲ್ಲಿ ಬಂತು. 1878ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು.

ಮಕ್ಕಳಿಗೆಂದು ಅವಳು ಬ್ಲ್ಯಾಕ್ ಬ್ಯೂಟಿ ಬರೆದವಳಲ್ಲ. ಲಾಯದ ಆಳುಗಳಿಗೆ, ಗಾಡಿ ಹೊಡೆಯುವವರಿಗೆ, ಕುದುರೆ ಇಟ್ಟುಕೊಂಡವರಿಗೆ ಎಂದು ಬರೆದಳು. ಆಗಿನ ಶ್ರೀಮಂತರಿಗೆ ಕುದುರೆ ತಲೆಯೆತ್ತಿಕೊಂಡು ನಿಂತರೆ ಚೆಂದವೆಂದು, ಅದರ ಕತ್ತನ್ನು ಪಟ್ಟಿಯಿಂದ ಮೇಲಕ್ಕೆಳೆದು ಕಟ್ಟುವ ಹುಚ್ಚಿತ್ತು. ಹಾಗೆ ಕಟ್ಟಿದರೆ ಏರಿನಲ್ಲಿ ಕುದುರೆ ತಲೆ ಬಗ್ಗಿಸಿ ಎಳೆಯಲಾರದು, ಉಸಿರಾಡಲೂ ಕಷ್ಟ. ಪುಸ್ತಕ ಆ ಪಟ್ಟಿಯನ್ನು ಜನ ಅಸಹ್ಯಪಡುವಂತೆ ಮಾಡಿತು. ಮಗಳ ಶವಯಾತ್ರೆಗೆ ಬಂದ ಗಾಡಿಯ ಕುದುರೆಗಳಿಗೂ ಆ ಪಟ್ಟಿ ಹಾಕಿದ್ದನ್ನು ಕಂಡು ತಾಯಿ ಹೊರಗೆ ಬಂದು ಬಿಚ್ಚಿಸಿದಳೆಂದು ಹೇಳುತ್ತಾರೆ. ಮಗಳ ಹೆಣ ಮನೆಯಲ್ಲಿರುವಾಗ ಕಿಟಕಿಯಾಚೆಯ ಕುದುರೆಯ ಕತ್ತು ಆ ತಾಯಿಗೆ ಕಾಣಿಸಿತು ಎನ್ನುವುದನ್ನು ಯೋಚಿಸಿ ನೋಡಿ.

ಅನ್ನಾ ಕುದುರೆಗೆ ಸಾಲಗಾರಳಾಗಿದ್ದಳು. ಅದು ಎಳೆಯದಿದ್ದರೆ ಅವಳಿಗೆ ಹೊರಜಗತ್ತೇ ಇಲ್ಲ. ಆ ಋಣದಿಂದ ಅವಳ ಬರವಣಿಗೆ ಹುಟ್ಟಿತು. ನನ್ನ ಪ್ರಬಂಧ ಹುಟ್ಟಿದ್ದು ಲೋಟದ ಆಸೆಯಿಂದ. ಇಬ್ಬರೂ ಕುದುರೆಯ ಪರವಾಗಿಯೇ ಬರೆದೆವು, ಇಬ್ಬರ ಬರಹ ಓದಿದವರೂ ಅತ್ತರು. ಓದಿದವರ ಕಣ್ಣೀರನ್ನು ನೋಡಿ ವ್ಯತ್ಯಾಸ ಹೇಳಲಾಗುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸುವ ಸಂಗತಿ.

ಅಜ್ಜಿಯ ನಕುಲನ ಬಗ್ಗೆ ನನಗಿದ್ದ ಅನುಮಾನ ಇನ್ನೂ ಹೋಗಿಲ್ಲ. ಆದರೆ ಭಾರತದಲ್ಲೇ ಕುದುರೆ ಬಲ್ಲ ಇನ್ನೊಬ್ಬನಿದ್ದಾನೆ, ನಳ. ಅವನ ಕಥೆ ವನಪರ್ವದಲ್ಲಿ ಬರುತ್ತದೆ. ಕನಕದಾಸರ ನಳಚರಿತ್ರೆಯಿಂದ ನಮ್ಮ ಹೆಣ್ಣುಮಕ್ಕಳಿಗೆಲ್ಲ ಪರಿಚಿತ. ಅವನಿಗಿದ್ದ ವಿದ್ಯೆಯ ಹೆಸರೇ ಅಶ್ವಹೃದಯ. ರಾಜ್ಯ ಕಳೆದುಕೊಂಡು, ರೂಪ ಕಳೆದುಕೊಂಡು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿದ್ದಾಗ, ದಮಯಂತಿಯ ಮರುಸ್ವಯಂವರದ ಸುದ್ದಿ ಬರುತ್ತದೆ. ಒಂದೇ ದಿನದಲ್ಲಿ ಕುಂಡಿನಪುರ ಸೇರಬೇಕು. ಬಾಹುಕ ಲಾಯಕ್ಕೆ ಹೋಗಿ ಬಡಕಲು ಕುದುರೆಗಳನ್ನು ಆರಿಸಿ ತರುತ್ತಾನೆ. ಇವು ಎಳೆಯುತ್ತವೆಯೇ ಎಂದು ರಾಜನಿಗೆ ಸಿಟ್ಟು. ಮೂಲಕಥೆಯಲ್ಲಿ ಮುಂದೆ ಒಂದು ಸಣ್ಣ ಸಂಗತಿ ಇದೆ, ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ರಾಜ ಅವಸರದಿಂದ ರಥ ಹತ್ತುತ್ತಾನೆ. ಹತ್ತಿದ ಕೂಡಲೇ ಕುದುರೆಗಳು ಮೊಣಕಾಲೂರಿ ನೆಲಕ್ಕೆ ಬೀಳುತ್ತವೆ.

ನಳ ಆಗ ಏನು ಮಾಡುತ್ತಾನೆ? ಕುದುರೆಗಳಿಗೆ ಏನೆನಿಸುತ್ತಿದೆ ಎಂದು ರಾಜನಿಗೆ ವಿವರಿಸುವುದಿಲ್ಲ. ಕುದುರೆಗಳನ್ನೇ ಸಂತೈಸುತ್ತಾನೆ. ನಕುಲ ಕುದುರೆಯ ಪರವಾಗಿ ಜನರ ಹತ್ತಿರ ಮಾತಾಡಿದ. ನಳ ಕುದುರೆಯ ಹತ್ತಿರ ಮಾತಾಡಿದ. ಆಮೇಲೆ ಅವನೂ ಗಾಳಿಯ ಹಾಗೆ ಓಡಿಸಿದ, ಇಲ್ಲವೆನ್ನುವುದಿಲ್ಲ, ಅವನಿಗೂ ಅವಸರವಿತ್ತು. ಆದರೂ ಆ ಒಂದು ಗಳಿಗೆ ನನಗೆ ಬೇಕು. ಜಲ್ಲಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮೋತಿಯ ಕಿವಿಗೆ ಏನೋ ಹೇಳುತ್ತಿದ್ದ ಸಾಬರು ಆಗ ಕಣ್ಣಮುಂದೆ ಬರುತ್ತಾರೆ. ಏನು ಹೇಳಿದರೋ, ನನಗೆ ಉರ್ದು ಬರುತ್ತಿರಲಿಲ್ಲ. ಬಂದಿದ್ದರೆ ಅದನ್ನೂ ಪ್ರಬಂಧದಲ್ಲಿ ಹಾಕಿಬಿಡುತ್ತಿದ್ದೆನೇನೋ.

ಇನ್ನು ಆ ಹುಡುಗನ ಮೂರು ವಾಕ್ಯಗಳು. ಮರುದಿನ ಸ್ಟಾಫ್ ರೂಮಿನಲ್ಲಿ ತೋರಿಸಿದೆ. “ಒಂದು ಕೊಡಿ ಸಾಕು, ಹದಿನೈದು ಸಾಲೆಲ್ಲಿದೆ?” ಎಂದರು ಒಬ್ಬರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. ಹುಡುಗನನ್ನು ಕರೆದು, “ಯಾಕೋ ಇಷ್ಟೇ ಬರೆದಿದ್ದೀಯ?” ಎಂದು ಕೇಳಿದೆ. ಬೈಯುತ್ತೇನೆಂದು ತಲೆ ತಗ್ಗಿಸಿದ. “ಕುದುರೆ ಅಷ್ಟೇ ಅಲ್ವಾ ಮಿಸ್ ಹೇಳೋದು. ಇನ್ನೇನು ಹೇಳತ್ತೋ ನಂಗೊತ್ತಿಲ್ಲ,” ಎಂದ. ಅವನಿಗೆ ಮೂರೂವರೆ ಹಾಕಿದೆ. ಪೂರ್ತಿ ಐದು ಹಾಕುವ ಧೈರ್ಯ ಬರಲಿಲ್ಲ. ಹಾಕಿದ್ದರೆ ನಾಳೆ ಎಲ್ಲರೂ ಮೂರೇ ಸಾಲು ಬರೆದು ತಂದಾರು.

ಪತ್ರಿಕೆ ಹಂಚಿದ ಮೇಲೆ ಇಪ್ಪತ್ತು ನಿಮಿಷ ಉಳಿದಿತ್ತು. ಪಾಠ ತೆಗೆಯಲಿಲ್ಲ. ಮೋತಿಯ ಕಥೆ ಹೇಳಿದೆ. ಪ್ರಬಂಧದಲ್ಲಿ ಬರೆದ ಹಾಗಲ್ಲ, ನಡೆದ ಹಾಗೆ. ಕಿಟಕಿ ಸೀಟು, ಚಾವಟಿ, ಟವೆಲು, ಸ್ಟೀಲ್ ಲೋಟ, ಬಿ ಸೆಕ್ಷನ್ನಿನ ಹುಡುಗಿ. ಗಲಾಟೆ ಮಾಡುವ ಕ್ಲಾಸು, ಅವತ್ತು ಸುಮ್ಮನೆ ಕೂತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು.

“ಆಮೇಲೆ ನೀವು ನೋಡೋಕೆ ಹೋದ್ರಾ ಮಿಸ್?”

ಇಲ್ಲ ಎಂದೆ.